ಸಂಬಳವಿಲ್ಲದ ಕಾವಲು

ರಾತ್ರಿ ಊಟವಾಗಿ, ಹುಬ್ಬಳ್ಳಿ ಕಡೆಗೆ ಹೋಗುವ ರೈಲು ಕಡೂರು ದಾಟಿದ ಸದ್ದು ಕೇಳಿದ ಮೇಲೆ ನಾನು ಮುಂಬಾಗಿಲಿನ ಚಿಲಕ ನೋಡುತ್ತೇನೆ, ಗ್ಯಾಸಿನ ಕಿವಿ ತಿರುವಿದೆಯೋ ನೋಡುತ್ತೇನೆ, ಆಮೇಲೆ ಮೂರು ತಾಲ್ಲೂಕುಗಳನ್ನು ನೋಡುತ್ತೇನೆ. ಚಿಲಕಕ್ಕೂ ಗ್ಯಾಸಿಗೂ ಸೇರಿ ಒಂದು ನಿಮಿಷ. ತಾಲ್ಲೂಕುಗಳಿಗೆ ಕೆಲವು ದಿನ ಐದು ನಿಮಿಷ ಸಾಕು, ಕೆಲವು ದಿನ ಒಂದು ಗಂಟೆಯೂ ಸಾಲದು. ಅಷ್ಟರಲ್ಲಿ ಒಳಗಿನಿಂದ ಮನೆಯಾಕೆಯ ಪ್ರಶ್ನೆ ಬರುತ್ತದೆ: "ಇವತ್ತು ಯಾರು ಕೆಡಿಸಿದ್ರು? ಕಡೂರಿನೋರೋ, ಅಜ್ಜಂಪುರದೋರೋ?"

ತರೀಕೆರೆಯ ಹೆಸರನ್ನು ಆಕೆ ಎತ್ತುವುದಿಲ್ಲ. ಅದು ಆಕೆಯ ತವರು. ಅಲ್ಲಿಯವರು ಏನನ್ನೂ ಕೆಡಿಸುವುದಿಲ್ಲ ಎಂಬುದು ಆಕೆಯ ನಿಲುವು.

ಕೆಡಿಸುವುದು ಕನ್ನಡ ವಿಕಿಪೀಡಿಯದ ಪುಟಗಳನ್ನು. ನಾನು ಹುಟ್ಟಿದ್ದು ಮಂಡ್ಯದ ಕಡೆ, ನಾಲೆ ನೀರಿನ ಊರಿನಲ್ಲಿ. ಮೇಷ್ಟ್ರ ಕೆಲಸ ನನ್ನನ್ನು ಮೊದಲು ಅಜ್ಜಂಪುರದ ಪಕ್ಕದ ಒಂದು ಹಳ್ಳಿಗೆ, ಆಮೇಲೆ ತರೀಕೆರೆಗೆ, ಕೊನೆಗೆ ಕಡೂರಿಗೆ ತಂದು ಇಳಿಸಿತು. ಮೂವತ್ತಮೂರು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದಾಗ ಕೈಯಲ್ಲಿ ಉಳಿದದ್ದು ಪಿಂಚಣಿ ಪುಸ್ತಕ ಮತ್ತು ಕೆಂಪು ಪೆನ್ನಿನ ಚಟ. ದಿನಪತ್ರಿಕೆ, ಮದುವೆಯ ಕರೆಯೋಲೆ, ಬಸ್ಸಿನ ಬೋರ್ಡು, ಔಷಧಿ ಚೀಟಿ, ಯಾವುದನ್ನೂ ಬಿಡದೆ ತಪ್ಪು ಹುಡುಕಿ ಮನೆಯವರಿಗೆ ಓದಿ ಹೇಳುತ್ತಿದ್ದೆ. ಬೆಂಗಳೂರಿನಿಂದ ಬಂದಿದ್ದ ಮಗಳು ಒಂದು ಯುಗಾದಿಯ ದಿನ ತಡೆಯಲಾರದೆ, "ಅಪ್ಪ, ನಮ್ಮ ತಲೆ ತಿನ್ನೋ ಬದಲು ಇಲ್ಲಿ ತಿದ್ದು, ಊರಿಗೆ ಉಪಕಾರವಾಗುತ್ತೆ" ಎಂದು ಫೋನಿನಲ್ಲಿ ಒಂದು ಖಾತೆ ತೆರೆದುಕೊಟ್ಟು ಹೋದಳು. ಊರಿಗೆ ಉಪಕಾರವಾಯಿತೋ ಇಲ್ಲವೋ, ಮನೆಯವರಿಗಂತೂ ಆಯಿತು.

ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. ಅದಕ್ಕೆ ಸಂಪಾದಕ ಮಂಡಳಿ ಇಲ್ಲ, ಕಚೇರಿ ಇಲ್ಲ, ಗೌರವಧನವೂ ಇಲ್ಲ. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ಅಳಿಸಬಹುದು. ಅದನ್ನು ನಡೆಸುವ ತಂತ್ರಾಂಶವೂ ಮುಕ್ತವಾದದ್ದೇ. 'ಸಂಪಾದಿಸಿ', 'ಇತಿಹಾಸ' ಎಂದು ಅದರ ಗುಂಡಿಗಳ ಮೇಲೆ ಕನ್ನಡ ಕೂರಿಸಿದವರೂ ಸಂಬಳವಿಲ್ಲದ ಯಾರೋ ಪುಣ್ಯಾತ್ಮರೇ. ಅಲ್ಲಿ ಕೆಲಸ ಮಾಡುವವರು ಕೂಡಿ ಮಾತಾಡುವ ಜಾಗಕ್ಕೆ 'ಅರಳಿ ಕಟ್ಟೆ' ಎಂದು ಹೆಸರಿಟ್ಟಿದ್ದಾರೆ. ಆ ಹೆಸರು ನೋಡಿದಾಗಲೇ ನನಗೆ ಈ ಜನ ನಮ್ಮವರು ಅನ್ನಿಸಿದ್ದು.

ಒಬ್ಬೊಬ್ಬ ಸದಸ್ಯನಿಗೂ ಒಂದು ವೀಕ್ಷಣಾಪಟ್ಟಿ ಇರುತ್ತದೆ. ಕಣ್ಣಿಡಬೇಕೆನಿಸಿದ ಪುಟಗಳನ್ನು ಅದಕ್ಕೆ ಸೇರಿಸಿಕೊಂಡರೆ, ಯಾರು ಯಾವಾಗ ಒಂದು ಕೊಂಬು ದೀರ್ಘ ಬದಲಿಸಿದರೂ ಅಲ್ಲಿ ಕಾಣುತ್ತದೆ. ಎಷ್ಟು ಬೈಟು ಸೇರಿತು ಎಂಬುದು ಹಸಿರಿನಲ್ಲಿ, ಎಷ್ಟು ಕಳೆಯಿತು ಎಂಬುದು ಕೆಂಪಿನಲ್ಲಿ. ಇಂಗ್ಲಿಷಿನ ಒಂದು ಅಕ್ಷರ ಒಂದು ಬೈಟು ತೂಗಿದರೆ ಕನ್ನಡದ ಒಂದು ಬಿಡಿ ಚಿಹ್ನೆ ಮೂರು ಬೈಟು ತೂಗುತ್ತದೆ. ಒತ್ತಕ್ಷರವಾದರೆ ಮುಗಿದೇ ಹೋಯಿತು; 'ಕ್ಷ' ಒಂದೇ ಒಂಬತ್ತು. ನಮ್ಮ ಭಾಷೆಗೆ ಘನತೆ ಇದೆ ಎಂದು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೆ, ತೂಕದ ಲೆಕ್ಕ ಗೊತ್ತಾದದ್ದು ಈಗ. ಈ ತೂಕ ನನಗೆ ಎಷ್ಟು ಅಭ್ಯಾಸವಾಗಿದೆಯೆಂದರೆ, ಅಜ್ಜಂಪುರದ ಪುಟಕ್ಕೆ 15 ಬೈಟು ಸೇರಿದೆ ಎಂದು ಹಸಿರಿನಲ್ಲಿ ಕಂಡರೆ ಪುಟ ತೆರೆಯಬೇಕಾಗಿಯೇ ಇಲ್ಲ. ಯಾರೋ 'ಸೂಪರ್' ಎಂದು ಬರೆದಿದ್ದಾರೆ.

ವೀಕ್ಷಣಾಪಟ್ಟಿ ಎಂಬ ಮಾತು ನನಗೇಕೋ ಹಿಡಿಸಲಿಲ್ಲ. ನನ್ನನ್ನು ಕೇಳಿದ್ದರೆ 'ಕಾವಲು' ಎನ್ನುತ್ತಿದ್ದೆ. ಈ ಸೀಮೆಯಲ್ಲಿ ಆ ಮಾತಿಗೆ ಎರಡು ಅರ್ಥ. ಕಾಯುವುದೂ ಕಾವಲೇ, ಕಾಯಬೇಕಾದ ಬಯಲೂ ಕಾವಲೇ. ಬಾಸೂರು ಕಾವಲು, ಬೀರೂರು ಕಾವಲು, ಲಿಂಗದಹಳ್ಳಿ ಕಾವಲು: ಎಲ್ಲ ಅಮೃತ ಮಹಲ್ ದನಗಳ ಹುಲ್ಲುಗಾವಲು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಇದ್ದ 'ಬೆಣ್ಣೆ ಚಾವಡಿ'ಗೆ ಟಿಪ್ಪು 'ಅಮೃತ ಮಹಲ್' ಎಂದು ಹೆಸರಿಟ್ಟ. ಹೆಸರಿನಲ್ಲಿ ಬೆಣ್ಣೆಯೂ ಅಮೃತವೂ ಇದ್ದರೂ ಆ ದನಗಳು ಹೆಸರಾದದ್ದು ಹಾಲಿಗಲ್ಲ, ಕಾಲಿಗೆ, ಫಿರಂಗಿ ಎಳೆಯುವುದಕ್ಕೆ. ಮೇವಿನ ಬಯಲುಗಳನ್ನು ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿ, ಹಿಂಡುಗಳನ್ನು ಒಂದರಿಂದ ಒಂದಕ್ಕೆ ಹೊಡೆದುಕೊಂಡು ಹೋಗುತ್ತಿದ್ದರು. 1860ರಲ್ಲಿ ಖರ್ಚು ಉಳಿಸಬೇಕೆಂದು ಬ್ರಿಟಿಷ್ ಅಧಿಕಾರಿಗಳು ಇಲಾಖೆಯನ್ನೇ ಮುಚ್ಚಿ ಹಿಂಡುಗಳನ್ನು ಮಾರಿಬಿಟ್ಟರು. ಆರು ವರ್ಷದಲ್ಲಿ ಒಳ್ಳೆಯ ಎತ್ತು ಸಿಗದೆ ಕಣ್ಣು ಬಿಟ್ಟು, 1866ರಲ್ಲಿ ಅಳಿದುಳಿದ ದನಗಳನ್ನು ಹುಡುಕಿ ತಂದು ಮತ್ತೆ ಶುರು ಮಾಡಿದರು. ಕಾವಲುಗಾರ ಇರುವಷ್ಟು ದಿನ ಅವನು ದಂಡದ ಖರ್ಚು. ಇದು ಎಲ್ಲ ಕಾಲದ ಖಜಾಂಚಿಗಳ ಅಭಿಪ್ರಾಯ.

ಈಗ ಆ ತಳಿಯ ಸಂವರ್ಧನ ಕೇಂದ್ರ ಇರುವುದು ಅಜ್ಜಂಪುರದಲ್ಲೇ. ಕಾವಲುಗಳು ಮಾತ್ರ ಅಂಚಿನಿಂದ ಕರಗುತ್ತ ಬಂದವು. ಯಾರೂ ಒಂದೇ ದಿನ ಬಂದು ಕಾವಲನ್ನು ನುಂಗುವುದಿಲ್ಲ. ಮೊದಲು ಒಬ್ಬ ಒಂದು ಸಾಲು ಕತ್ತಾಳೆ ನೆಡುತ್ತಾನೆ. ಮುಂದಿನ ಮಳೆಗಾಲಕ್ಕೆ ಕತ್ತಾಳೆ ನಾಲ್ಕು ಮಾರು ಮುಂದೆ ಬಂದಿರುತ್ತದೆ. ಕತ್ತಾಳೆಗೆ ಕಾಲಿಲ್ಲವಲ್ಲ, ಹೇಗೆ ಬಂತು ಎಂದು ಕೇಳುವವರು ಇಲ್ಲದಿದ್ದರೆ ಅದರಾಚೆ ರಾಗಿ ಪೈರು ಕಾಣುತ್ತದೆ. ಬಾಸೂರಿನಲ್ಲಿ ಕೃಷ್ಣಮೃಗಗಳು ಉಳಿದಿದ್ದರಿಂದ 2011ರಲ್ಲಿ ಅಲ್ಲಿನ ಕಾವಲನ್ನು ಸಂರಕ್ಷಿತ ಪ್ರದೇಶವೆಂದು ಸಾರಿದರು. ದನ ಕಾಯಲಾರದ ಹುಲ್ಲನ್ನು ಜಿಂಕೆ ಕಾಯಿತು.

ನನ್ನ ಪುಟಗಳಿಗೂ ಕತ್ತಾಳೆ ಸಾಲಿನ ಹಾಗೇ ಜನ ಬರುತ್ತಾರೆ. ಕೆಮ್ಮಣ್ಣುಗುಂಡಿ, ಕಲ್ಹತ್ತಿಗಿರಿಯ ಪುಟಗಳೆಂದರೆ ಹೋಂಸ್ಟೇಯವರಿಗೆ ಪ್ರಾಣ. ಮೊದಲ ದಿನ 'ತಂಗಲು ಅನುಕೂಲವಿದೆ' ಎಂಬ ಮುಗ್ಧ ವಾಕ್ಯ. ಮೂರನೇ ದಿನ ಆ ವಾಕ್ಯದ ಕೊನೆಗೊಂದು ಕೊಂಡಿ. ವಾರ ಕಳೆಯುವುದರೊಳಗೆ ಫೋನ್ ನಂಬರು, ಬಿಸಿನೀರು, ಸಸ್ಯಾಹಾರ ಮತ್ತು ಮಾಂಸಾಹಾರ, ರಾತ್ರಿ ಬೆಂಕಿ ಕಾಯಿಸುವ ವ್ಯವಸ್ಥೆ. ಕಡೂರಿನ ಪುಟದಲ್ಲಿ ಸೈಟು ಮಾರುವವರದು ಕಾಟ; ಬಡಾವಣೆ ಇನ್ನೂ ತೆಂಗಿನ ತೋಟವಾಗಿರುವಾಗಲೇ ಅದು ವಿಶ್ವಕೋಶದಲ್ಲಿ 'ಪ್ರಮುಖ ಸ್ಥಳ'ವಾಗಿರುತ್ತದೆ. ಹೀಗೆ ಅಂಟಿಸಿದ ಕೊಂಡಿಯಿಂದ ಅವರಿಗೆ ಲಾಭವೂ ಇಲ್ಲ ಎಂದು ಮಗಳು ವಿವರಿಸಿದಳು. 2007ರ ಈಚೆಗೆ ವಿಕಿಪೀಡಿಯದ ಎಲ್ಲ ಹೊರಕೊಂಡಿಗಳಿಗೂ 'ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ' ಎಂದು ಹುಡುಕುಯಂತ್ರಗಳಿಗೆ ಹೇಳುವ ಗುರುತು ತಾನಾಗಿ ಬೀಳುತ್ತದಂತೆ. ಹಾಗಾದರೂ ಬರುತ್ತಾರಲ್ಲ ಎಂದರೆ, "ಗೋಡೆ ಮೇಲೆ ಭಿತ್ತಿಪತ್ರ ಅಂಟಿಸಬಾರದು ಅಂತ ಬರೆದ ಗೋಡೆ ಮೇಲೇ ಅಲ್ವಾ ಅಪ್ಪ ಅಂಟಿಸೋದು" ಎಂದಳು. ಬೀರೂರಿನ ಸಂತೆಬೀದಿ ಕಂಡವನು ನಾನು, ತಲೆಯಾಡಿಸಿದೆ. ಗಾಳಿ ಬಂದಾಗ ತೂರಿಕೋ ಎಂಬ ಗಾದೆಯನ್ನು ಹೊಟ್ಟು ಕೂಡ ಪಾಲಿಸುತ್ತದೆ.

ಇಂಥ ಕಸಕ್ಕೆ ಇಂಗ್ಲಿಷಿನವರು ಸ್ಪ್ಯಾಮ್ ಎನ್ನುತ್ತಾರೆ. 1937ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಡಬ್ಬಿ ಮಾಂಸದ ಹೆಸರದು. 1970ರಲ್ಲಿ ಮಾಂಟಿ ಪೈಥಾನ್ ಎಂಬ ಬ್ರಿಟಿಷ್ ಹಾಸ್ಯ ತಂಡ ಒಂದು ಹೋಟೆಲಿನ ಪ್ರಸಂಗ ಮಾಡಿತು. ಏನು ಕೇಳಿದರೂ ಜೊತೆಗೆ ಸ್ಪ್ಯಾಮ್, ಬೇಡವೆಂದರೂ ಸ್ಪ್ಯಾಮ್. ಕಡೂರಿನ ಮನೆಗಳಲ್ಲಿ ಯಾವ ಅಡಿಗೆ ಮಾಡಿದರೂ ತೆಂಗಿನಕಾಯಿ ಬೀಳುವ ಹಾಗೆ. ನಮಗೆ ತೆಂಗಿನಕಾಯಿ ಬೇಕು ಅನ್ನುವುದಷ್ಟೇ ವ್ಯತ್ಯಾಸ. 1978ರಲ್ಲಿ ಒಬ್ಬ ಕಂಪ್ಯೂಟರ್ ಮಾರಾಟಗಾರ ಒಂದೇ ಜಾಹೀರಾತನ್ನು ಸುಮಾರು 400 ಜನರಿಗೆ ಒಟ್ಟಿಗೆ ಕಳಿಸಿ, ಬೈಗುಳವನ್ನೂ ಗಿರಾಕಿಗಳನ್ನೂ ಏಕಕಾಲಕ್ಕೆ ಪಡೆದನಂತೆ. ಬೈಗುಳ ಮಾತ್ರ ಸಿಕ್ಕಿದ್ದರೆ ನನ್ನ ರಾತ್ರಿಗಳು ಇಷ್ಟು ಹಾಳಾಗುತ್ತಿರಲಿಲ್ಲ.

ವ್ಯಾಪಾರದ ಕಸ ಕಂಡರೆ ನನ್ನ ಕೈ ನಡುಗುವುದಿಲ್ಲ, ಸರಕ್ಕನೆ ಕಿತ್ತು ಎಸೆಯುತ್ತೇನೆ. ನನ್ನನ್ನು ಪೇಚಿಗೆ ಸಿಕ್ಕಿಸುವುದು ಪ್ರೀತಿಯ ಕಸ. ಅಜ್ಜಂಪುರದ ಹೆಸರುವಾಸಿಗಳ ಸಾಲಿನಲ್ಲಿ 'ನಾನು ಕೊಂದ ಹುಡುಗಿ' ಕತೆ ಬರೆದ ಆನಂದರು ಇರುತ್ತಾರೆ. ಅಜ್ಜಂಪುರ ಸೀತಾರಾಂ ಅಂದರೆ ಅವರೇ. ಅವರ ಹೆಸರಿನ ಕೆಳಗೆ ಮರುದಿನ ಇನ್ನೊಂದು ಹೆಸರು, ಆವರಣದಲ್ಲಿ 'ಎಸ್ಸೆಸ್ಸೆಲ್ಸಿ, ಬಿ ಸೆಕ್ಷನ್'. ತರೀಕೆರೆಯ ಸಾಲಿನಲ್ಲಿ ರಹಮತ್ ತರೀಕೆರೆಯವರ ಪಕ್ಕದಲ್ಲಿ 'ನಮ್ಮ ಕ್ರಿಕೆಟ್ ಕ್ಯಾಪ್ಟನ್'. ಊರಿನ ಕೆರೆಯೆಂದರೆ ಅದು ಏಷ್ಯಾದಲ್ಲೇ ದೊಡ್ಡದು. ಸಖರಾಯಪಟ್ಟಣದ ಹತ್ತಿರದ ಅಯ್ಯನಕೆರೆ ನಿಜಕ್ಕೂ ದೊಡ್ಡ ಕೆರೆ, ಅದಕ್ಕೆ ಈ ಬಿರುದು ಸಿಕ್ಕರೆ ಅರ್ಥವಾದರೂ ಆಗುತ್ತದೆ. ಎಮ್ಮೆ ಮೈ ತೊಳೆಯಲು ಸಾಲದ ಕಟ್ಟೆಗಳೂ ಏಷ್ಯಾದ ಮಟ್ಟದಲ್ಲೇ ಸ್ಪರ್ಧಿಸುತ್ತವೆ. ಜೈಮಿನಿ ಭಾರತದ ಲಕ್ಷ್ಮೀಶ ನಮ್ಮ ಕಡೂರು ತಾಲ್ಲೂಕಿನ ದೇವನೂರಿನವನು ಎಂದು ಇಲ್ಲಿಯವರು ಬರೆದರೆ, ಸುರಪುರದವನು ಎಂದು ಅತ್ತ ಕಡೆಯವರು ತಿದ್ದುತ್ತಾರೆ. ವಿದ್ವಾಂಸರು ಪುಸ್ತಕಗಳಲ್ಲಿ ಆಡಿದ ಜಗಳವನ್ನೇ ಹುಡುಗರು ಹೆಬ್ಬೆರಳಿನಲ್ಲಿ ಆಡುತ್ತಾರೆ. ಇಂಥ ವೇಳೆ ಎರಡು ಮತಗಳನ್ನೂ ಇಟ್ಟು ಸುಮ್ಮನಾಗುವುದು ಕ್ರಮ. ನನಗೆ ಒಂದು ಮತ ಇದೆ, ಆದರೆ ಕಡೂರಿನ ಅಂಗಡಿಗಳಲ್ಲಿ ಉದ್ದರಿ ಇಟ್ಟಿರುವವನು ಅದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಇದಕ್ಕಿಂತ ಗಟ್ಟಿ ಕಸ ಒಂದಿದೆ. ಅದು ಬಂದದ್ದು ಕೋಟು ಟೈ ಹಾಕಿಕೊಂಡು. ನಾನು ಸೇರುವುದಕ್ಕೆ ಮುಂಚೆ, 2009-10ರ ಸುಮಾರಿಗೆ, ದೊಡ್ಡ ಕಂಪನಿಯೊಂದು ದುಡ್ಡು ಕೊಟ್ಟು, ಯಂತ್ರದ ಸಲಕರಣೆ ಕೈಗೆ ಕೊಟ್ಟು, ಇಂಗ್ಲಿಷಿನ ಉದ್ದುದ್ದ ಲೇಖನಗಳನ್ನು ಕನ್ನಡ, ತಮಿಳು, ತೆಲುಗುಗಳಿಗೆ ಮಾಡಿಸಿ ಸುರಿಸಿತು. ಅಡಿಟಿಪ್ಪಣಿ ಬೇಕಾದಷ್ಟಿವೆ, ತಲೆಬರಹಗಳು ಅಚ್ಚುಕಟ್ಟು. ವಾಕ್ಯ ಮಾತ್ರ ಕರ್ತೃಪದ ಬೀರೂರಿನಲ್ಲಿ ಹತ್ತಿ, ಕ್ರಿಯಾಪದ ಹುಬ್ಬಳ್ಳಿಯಲ್ಲಿ ಇಳಿಯುತ್ತದೆ. ನಡುವೆ ಯಾವ ಸ್ಟೇಷನ್ನಿನಲ್ಲೂ ಅರ್ಥ ಹತ್ತುವುದಿಲ್ಲ. ಇವುಗಳನ್ನು 'ಸೂಪರ್'ನಂತೆ ಒಂದು ಒತ್ತಿಗೆ ತೆಗೆಯುವಂತಿಲ್ಲ. ಒಂದೊಂದು ಪುಟವೂ ಒಂದೊಂದು ತಿಂಗಳ ಕೂಲಿ. ನಾನು ಒಂದನ್ನು ತಿದ್ದಲು ಕೂತೆ, ಮೂರನೇ ಪ್ಯಾರಾಕ್ಕೆ ಜ್ವರ ಬಂತು. ಜ್ವರಕ್ಕೆ ಬೇರೆ ಕಾರಣವೂ ಇದ್ದಿರಬಹುದು. ಈಚೆಗೆ ಬರುವ ಯಂತ್ರದ ಕನ್ನಡ ನುಣುಪಾಗಿದೆ, ಜ್ವರ ಬರಿಸುವುದಿಲ್ಲ; ಓದಿ ಮುಗಿಸಿದ ಮೇಲೆ ಏನೂ ಓದಿರಲಿಲ್ಲ ಎಂದು ಗೊತ್ತಾಗುತ್ತದೆ.

ನನ್ನಂಥವರು ಎಷ್ಟು ಜನ ಇದ್ದಾರೋ ಗೊತ್ತಿಲ್ಲ, ಯಾರನ್ನೂ ಮುಖತಃ ಬಲ್ಲೆನೆನ್ನಲಾರೆ. ಹೆಸರುಗಳು ಗೊತ್ತು. ಒಬ್ಬರು ಬೆಳಗಿನ ಜಾವ ಬರುತ್ತಾರೆ, ಒಬ್ಬರು ಭಾನುವಾರ ಮಾತ್ರ. ಕನ್ನಡವೇ ಬಾರದವರೂ ಇದ್ದಾರೆ. ಸಣ್ಣ ಭಾಷೆಗಳ ವಿಕಿಪೀಡಿಯಗಳನ್ನು ದೂರದಿಂದ ಕಾಯಲೆಂದೇ ಸ್ವಯಂಸೇವಕರ ಒಂದು ಜಾಗತಿಕ ತಂಡವಿದೆ. ನಾವೆಲ್ಲ ಮಲಗಿರುವಾಗ ಯಾರಾದರೂ ಇಡೀ ಪುಟ ಬಳಿದು ಅಲ್ಲಿ ಜೂಜಿನ ಕೊಂಡಿ ಇಟ್ಟರೆ, ಇನ್ಯಾವುದೋ ಖಂಡದಲ್ಲಿ ಹಗಲಿರುವವರು ಅದನ್ನು ಕಂಡು ಹಿಂದಿನಂತೆ ಮಾಡುತ್ತಾರೆ. ಒಂದು ಬೆಳಿಗ್ಗೆ ಎದ್ದು ನೋಡಿದರೆ ತರೀಕೆರೆಯ ಪುಟದ ಮೇಲೆ ಹಾಗೆ ಬಿದ್ದಿದ್ದ ಕಸವನ್ನು ಯಾರೋ ಹೊರದೇಶದವರು ಮೂರು ನಿಮಿಷದಲ್ಲಿ ಗುಡಿಸಿ ಹೋಗಿದ್ದರು. ತರೀಕೆರೆ ಎಲ್ಲಿದೆ, ಅಲ್ಲಿ ಅಡಿಕೆ ಬೆಳೆಯುತ್ತಾರೋ ಆಲೂಗೆಡ್ಡೆಯೋ ಆ ಮನುಷ್ಯನಿಗೆ ಗೊತ್ತಿರಲಾರದು. ಮನೆಯಾಕೆಗೆ ಹೇಳಿದೆ. ಆಕೆ ಸ್ವಲ್ಪ ಹೊತ್ತು ಯೋಚಿಸಿ, "ಒಂದು ಕೆಜಿ ಚಿಕಣಿ ಅಡಿಕೆ ಕಳಿಸೋಣ ಅಂದ್ರೆ ವಿಳಾಸ ಇಲ್ವಲ್ಲ" ಎಂದಳು.

ಅಡಿಕೆಯ ಮಾತು ಬಂತು. ಮಾವನ ಮನೆಯ ಅಂಗಳದಲ್ಲಿ ಸುಗ್ಗಿಯಲ್ಲಿ ಹೆಂಗಸರು ಸಾಲಾಗಿ ಕೂತು ಒಣಗಿದ ಅಡಿಕೆ ಆರಿಸುವುದನ್ನು ನಾನು ಗಂಟೆಗಟ್ಟಲೆ ನೋಡಿದ್ದೇನೆ. ಬೆಟ್ಟೆ ಒಂದು ಕಡೆ, ರಾಶಿ ಒಂದು ಕಡೆ, ಗೊರಬಲು ಒಂದು ಕಡೆ. ಮಾತು ನಡೆದೇ ಇರುತ್ತದೆ, ಕಣ್ಣು ಮಾತಾಡುವವರ ಮುಖದ ಮೇಲೇ ಇರುತ್ತದೆ, ಬೆರಳು ತಾನಾಗಿ ಅಡಿಕೆಯ ಜಾತಿ ಹೇಳುತ್ತದೆ. ಹೊಸ ಅಳಿಯನ ಹುರುಪಿನಲ್ಲಿ ನಾನೂ ಒಮ್ಮೆ ಕೂತೆ. ಸುಕ್ಕಾದದ್ದು, ಕಪ್ಪಾದದ್ದು, ಒಡಕಲು ಎಲ್ಲವನ್ನೂ ಹೆಕ್ಕಿ ಕಸದ ಬುಟ್ಟಿಗೆ ಹಾಕಿದೆ. ಅತ್ತೆ ಏನೂ ಅನ್ನಲಿಲ್ಲ. ನಾನು ಎದ್ದು ಕೈ ತೊಳೆಯಲು ಹೋದಾಗ ಬುಟ್ಟಿಯನ್ನು ಮತ್ತೆ ಚಾಪೆಯ ಮೇಲೆ ಸುರಿದುಕೊಂಡು, ಎಸೆದದ್ದರಲ್ಲಿ ಮುಕ್ಕಾಲು ಪಾಲನ್ನು ವಾಪಸು ರಾಶಿಗಳಿಗೆ ಸೇರಿಸಿದರು. ಗೊರಬಲಿಗೂ ಮಂಡಿಯಲ್ಲಿ ಒಂದು ಧಾರಣೆ ಇದೆ ಎಂದು ತಿಳಿದದ್ದು ಆಮೇಲೆ.

ಆ ಬುಟ್ಟಿ ನನ್ನ ಎದುರಿಗೆ ಎರಡನೇ ಸಲ ಬಂದದ್ದು ಕಡೂರಿನ ಪುಟದಲ್ಲಿ. ಒಂದು ರಾತ್ರಿ ಹೆಸರಿಲ್ಲದ ಯಾರೋ, ಪುಟದ ತಲೆಯ ಮೇಲೇ ಒಂದು ಸಾಲು ಸೇರಿಸಿದ್ದರು: ಮೊದಲು ನಮ್ಮ ಕಡೂರೇ ಜಿಲ್ಲೆ ಆಗಿತ್ತು, ಚಿಕ್ಕಮಗಳೂರು ಕಡೂರು ಜಿಲ್ಲೆಗೆ ಸೇರಿತ್ತು, ಜೈ ಕಡೂರು. ಲೇಖನ ಚಿಹ್ನೆ ಒಂದೂ ಇರಲಿಲ್ಲ. ನಾನು ನಕ್ಕು ತೆಗೆದುಹಾಕಿದೆ. 'ಊರಭಿಮಾನ, ಆಧಾರವಿಲ್ಲ' ಎಂದು ಷರಾ ಬರೆದೆ. ಮರುರಾತ್ರಿ ಸಾಲು ಮತ್ತೆ ಬಂತು. ತೆಗೆದೆ. ಮೂರನೇ ರಾತ್ರಿ ಜೈ ಕಡೂರು ಮಾಯವಾಗಿ, ಸಾಲು ಮಾತ್ರ ಬಂತು. ಅವನು ಒಂದು ಹೆಜ್ಜೆ ಹಿಂದೆ ಸರಿದಿದ್ದಾನೆ ಎಂಬುದನ್ನು ಗಮನಿಸುವಷ್ಟು ತಾಳ್ಮೆ ನನಗಿರಲಿಲ್ಲ. ಅದನ್ನೂ ತೆಗೆದು, ಅವನ ಚರ್ಚಾಪುಟದಲ್ಲಿ ಅರ್ಧ ಪುಟ ಉಪದೇಶ ಬರೆದೆ: ವಿಶ್ವಕೋಶ ಎಂದರೇನು, ಅಭಿಮಾನಕ್ಕೂ ಇತಿಹಾಸಕ್ಕೂ ಏನು ವ್ಯತ್ಯಾಸ, ಆಧಾರ ಎಂಬುದನ್ನು ಹೇಗೆ ಕೊಡಬೇಕು. ಮೂವತ್ತಮೂರು ವರ್ಷದ ಸೇವೆ ಅದರಲ್ಲಿ ಉಕ್ಕಿ ಹರಿಯಿತು. ಉತ್ತರ ಎರಡು ದಿನ ಬಿಟ್ಟು ಬಂತು. "ಸಾರ್, ನಮ್ಮ ತಾತನ ಜಮೀನು ಪತ್ರದಲ್ಲಿ ಕಡೂರು ಜಿಲ್ಲೆ ಅಂತ ಇದೆ. ಪತ್ರ ಹಾಕಕ್ಕೆ ನಮ್ಮಪ್ಪ ಬಿಡಲ್ಲ."

ಪತ್ರ ಹಾಕಲು ಅಪ್ಪ ಬಿಡುವುದಿಲ್ಲ ಎಂಬ ಮಾತು ನನ್ನನ್ನು ಮಲಗಗೊಡಲಿಲ್ಲ. ಸುಳ್ಳು ಹೇಳುವವನು ಅಷ್ಟು ಸಣ್ಣ ವಿವರ ಕಟ್ಟುವುದಿಲ್ಲ. ಬೆಳಿಗ್ಗೆ ಕಪಾಟಿನಿಂದ ನನ್ನ ಹಳೆಯ ಟಿಪ್ಪಣಿ ಪುಸ್ತಕ ತೆಗೆದೆ. ತರೀಕೆರೆಯಲ್ಲಿ ಪಾಠ ಮಾಡುತ್ತಿದ್ದಾಗ ಮಕ್ಕಳನ್ನು ಅಮೃತಾಪುರಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಹೊಯ್ಸಳ ಎರಡನೆಯ ಬಲ್ಲಾಳನ ದಂಡನಾಯಕ ಅಮಿತಯ್ಯ 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯ ಅಲ್ಲಿದೆ, ಅಲ್ಲಿನ ಶಾಸನ ರಚಿಸಿದವನು ಯಶೋಧರ ಚರಿತೆಯ ಕವಿ ಜನ್ನ. ಮಕ್ಕಳಿಗೆ ಹೇಳಲೆಂದು ಶಾಸನದ ವಿವರವನ್ನು ಜಿಲ್ಲಾ ಕೇಂದ್ರದ ಒಂದು ಗ್ರಂಥಾಲಯದಲ್ಲಿ ಕೂತು ಎಪಿಗ್ರಾಫಿಯಾ ಕರ್ನಾಟಿಕಾದಿಂದ ಬರೆದುಕೊಂಡಿದ್ದೆ. ಟಿಪ್ಪಣಿಯ ತಲೆಯಲ್ಲಿ, ನನ್ನದೇ ಕೈಬರಹದಲ್ಲಿ, ಕೆಂಪು ಶಾಯಿಯಲ್ಲಿ ಇತ್ತು: ಬಿ.ಎಲ್. ರೈಸ್, 6ನೇ ಸಂಪುಟ, 1901, 'ಕಡೂರು ಜಿಲ್ಲೆಯ ಶಾಸನಗಳು'.

ಆಮೇಲೆ ಗ್ಯಾಸೆಟಿಯರು ತೆಗೆದು ನೋಡಿದೆ. ಜಿಲ್ಲೆಯ ಆಡಳಿತ ಕೇಂದ್ರ 1865ರಲ್ಲೇ ಚಿಕ್ಕಮಗಳೂರಿಗೆ ಹೋಗಿತ್ತು. ಹೆಸರು ಮಾತ್ರ 1947ರವರೆಗೂ ಕಡೂರು ಜಿಲ್ಲೆಯೇ. ಚಿಕ್ಕಮಗಳೂರಿನಲ್ಲಿ ಕೂತ ಸಾಹೇಬರು ಎಂಬತ್ತು ವರ್ಷ ಕಡೂರಿನ ಹೆಸರಿನಲ್ಲಿ ರುಜು ಹಾಕಿದ್ದರು. ಹುಡುಗ ಬರೆದದ್ದರಲ್ಲಿ ತಪ್ಪು ಇದ್ದದ್ದು ಲೇಖನ ಚಿಹ್ನೆಯದು ಮಾತ್ರ. ಕನ್ನಡ ಮೇಷ್ಟ್ರಾದ ನಾನು, ಆ ಪುಸ್ತಕದ ಹೆಸರನ್ನು ಕೈಯಾರೆ ಬರೆದುಕೊಂಡಿದ್ದವನು, ಮೂರು ಸಲ ಅದನ್ನು ಕಸವೆಂದು ಎಸೆದಿದ್ದೆ.

ಜನ್ನನ ಕಾಲದ ಶಾಸನಗಳ ಕೊನೆಯಲ್ಲಿ ಒಂದು ಶಾಪ ಇರುತ್ತದೆ. ಈ ಧರ್ಮವನ್ನು ಅಳಿಸಿದವನು ಗಂಗೆಯ ತಡಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುತ್ತಾನೆ, ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ, ಇತ್ಯಾದಿ. ಸಂಬಳದ ಕಾವಲುಗಾರರನ್ನು ಇಡಲಾಗದ ಕಡೆ ಹುಳುವಿನ ಭಯವನ್ನು ಇಡುತ್ತಿದ್ದರು. ಕಲ್ಲಿಗೆ ಅದು ಎಂಟ್ನೂರು ವರ್ಷ ಒದಗಿದೆ. ಇದನ್ನು ನಾನು ಮಕ್ಕಳಿಗೆ ನಗುತ್ತ ವಿವರಿಸುತ್ತಿದ್ದೆ. ಶಾಪ ಇರುವುದು ಕೆಡಿಸಲು ಬರುವವನಿಗೆ ಎಂದುಕೊಂಡಿದ್ದೆ. ಅಳಿಸುವವನಿಗೆ ಎಂದು ಅದು ಸ್ಪಷ್ಟವಾಗಿಯೇ ಹೇಳುತ್ತದೆ. ಆ ಮೂರು ರಾತ್ರಿ ಅಳಿಸಿದವನು ನಾನು.

ಸಾಲನ್ನು ಮರಳಿ ಸೇರಿಸಿದೆ. ಚಿಹ್ನೆ ಹಾಕಿ, ರೈಸ್‌ನ ಸಂಪುಟವನ್ನು ಆಧಾರ ಕೊಟ್ಟು, ಹುಡುಗನ ಚರ್ಚಾಪುಟದಲ್ಲಿ ಕ್ಷಮೆ ಕೇಳಿದೆ. ಅವನು ಮತ್ತೆ ಬರಲಿಲ್ಲ. ಅವನು ಹುಡುಗನೇ ಎಂಬುದೂ ನನ್ನ ಊಹೆ. ಹೆಸರಿನ ಜಾಗದಲ್ಲಿ ಇದ್ದದ್ದು ಅಂಕಿಗಳ ಒಂದು ಸಾಲು. ಅದು ನಾಳೆ ಬೇರೆಯವರದಾಗಿರುತ್ತದೆ. ನನ್ನ ಕ್ಷಮಾಪಣೆಯನ್ನು ಯಾವುದೋ ಜಾಹೀರಾತಿನವನು ಓದಿ ಏನೆಂದುಕೊಂಡನೋ.

ವಿಕಿಪೀಡಿಯದಲ್ಲಿ ಎಸೆದದ್ದು ಎಲ್ಲಿಗೂ ಹೋಗುವುದಿಲ್ಲ, ಅದೊಂದು ಸಮಾಧಾನ. 'ಇತಿಹಾಸ' ಒತ್ತಿದರೆ ಪುಟದ ಎಲ್ಲ ಹಳೆಯ ರೂಪಗಳೂ ದಿನಾಂಕದ ಸಮೇತ ಇರುತ್ತವೆ. ಹೋಂಸ್ಟೇಯ ಬಿಸಿನೀರು, ಬಿ ಸೆಕ್ಷನ್ನಿನ ಹುಡುಗ, ಏಷ್ಯಾದ ಕಟ್ಟೆಗಳು, ಎಲ್ಲ. ಕಣದಲ್ಲಿ ರಾಗಿ ಬೇರೆ ಮಾಡಿದ ಮೇಲೆ ಹುಲ್ಲನ್ನು ಬಣವೆ ಒಟ್ಟುವಂತೆ. ನನ್ನ ಅರ್ಧ ಪುಟದ ಉಪದೇಶವೂ ಅಲ್ಲಿ ಬಣವೆಯಲ್ಲಿ ಸೇರಿದೆ, ಯಾರು ಬೇಕಾದರೂ ಎಳೆದು ಓದಬಹುದು. ಶಾಲೆಯಲ್ಲಿ ಈ ಸೌಲಭ್ಯ ಇರಲಿಲ್ಲ. ಅಜ್ಜಂಪುರದ ಪಕ್ಕದ ಆ ಹಳ್ಳಿಯಲ್ಲಿ, ನೌಕರಿಯ ಮೊದಲ ವರ್ಷ, ಕಿರುಪರೀಕ್ಷೆಯಲ್ಲಿ ಪದಗಳ ಅರ್ಥ ಕೇಳಿದ್ದೆ. 'ಕಾವಲು' ಎಂಬುದಕ್ಕೆ ಒಬ್ಬ ಹುಡುಗ 'ಹುಲ್ಲು ಇರುವ ಜಾಗ, ದನ ಮೇಯುವುದು' ಎಂದು ಬರೆದಿದ್ದ. ನಾಲೆ ಸೀಮೆಯಿಂದ ಬಂದು ಎರಡು ತಿಂಗಳೂ ಆಗಿರದ ನಾನು ಅದರ ಮೇಲೆ ಕೆಂಪು ಗೀಟು ಎಳೆದು ಅರ್ಧ ಅಂಕ ಕಳೆದೆ, ಪಕ್ಕದಲ್ಲಿ 'ರಕ್ಷಣೆ' ಎಂದು ಬರೆದೆ. ಹುಡುಗ ಕಾಗದ ನೋಡಿ ಏನೂ ಹೇಳದೆ ಮಡಚಿಟ್ಟುಕೊಂಡ. ಸಂಜೆ ಶಾಲೆ ಬಿಟ್ಟ ಮೇಲೆ ಅವನು ದನ ಹೊಡೆದುಕೊಂಡು ಹೋಗುತ್ತಿದ್ದ ದಿಕ್ಕಿನಲ್ಲಿ ಕಣ್ಣು ಹಾಯುವವರೆಗೂ ಒಣ ಹುಲ್ಲು ಹೊಂಬಣ್ಣಕ್ಕೆ ತಿರುಗಿ ನಿಂತಿತ್ತು. ಅದು ಏನು ಜಾಗ ಎಂದು ಜೊತೆಯ ಮೇಷ್ಟ್ರನ್ನು ಕೇಳಿದೆ. "ಕಾವಲು" ಎಂದರು.

ಈಗಲೂ ರಾತ್ರಿ ಮೂರು ತಾಲ್ಲೂಕುಗಳನ್ನು ನೋಡಿಯೇ ಮಲಗುತ್ತೇನೆ. ಮೊದಲು ಎರಡೇ ಇದ್ದವು. ತರೀಕೆರೆಯಿಂದ ಬೇರೆಯಾಗಿ ಅಜ್ಜಂಪುರ ತಾಲ್ಲೂಕಾದ ಮೇಲೆ ಶಿವನಿಯಂಥ ಊರುಗಳ ಪುಟಗಳಲ್ಲೆಲ್ಲ ತಾಲ್ಲೂಕಿನ ಹೆಸರು ಬದಲಿಸುವ ಕೆಲಸವೂ ಇತ್ತು. ಒಂದೊಂದು ಬದಲಾವಣೆಗೂ ತವರಿನ ಒಂದೊಂದು ಹೊಲ ಮಾರಿದಂತೆ ಮನೆಯಾಕೆ ನಿಟ್ಟುಸಿರು ಬಿಟ್ಟಳು. ಕೈ ಮಾತ್ರ ಮೊದಲಿನಷ್ಟು ಚುರುಕಿಲ್ಲ. ಕೀಳುವ ಮೊದಲು ಒಂದು ಸಲ ಟಿಪ್ಪಣಿ ಪುಸ್ತಕ, ಒಂದು ಸಲ ಗ್ಯಾಸೆಟಿಯರು, ಒಂದು ಸಲ ಮನೆಯಾಕೆ, ಇಷ್ಟನ್ನು ತಿರುವಿ ನೋಡುತ್ತೇನೆ. ಹೋಂಸ್ಟೇಗಳು ಇದರಿಂದ ಒಂದೆರಡು ಗಂಟೆ ಹೆಚ್ಚಿಗೆ ಬದುಕುತ್ತವೆ.

ಹೋದ ವರ್ಷ ಅಶ್ವಿನಿ, ಭರಣಿ ಎರಡೂ ಕೈಕೊಟ್ಟಿದ್ದವು. ಕೃತ್ತಿಕೆ ನಡೆಯುತ್ತಿತ್ತು. ಕಡೂರಿನಲ್ಲಿ ತೆಂಗಿನ ಗರಿಗಳು ಜೋತು ಬಿದ್ದು, ಬೋರುಗಳು ಗಾಳಿ ಉಗುಳುತ್ತಿದ್ದವು. ಈರುಳ್ಳಿ ಹಾಕುವುದೋ ಬೇಡವೋ ಎಂದು ಅಜ್ಜಂಪುರದ ಕಡೆಯವರು ಆಕಾಶ ನೋಡುತ್ತಿದ್ದ ದಿನಗಳು. ರಾತ್ರಿ ಪಟ್ಟಿ ತೆರೆದಾಗ ಅಜ್ಜಂಪುರದ ಎದುರಿಗೆ ಹಸಿರಿನಲ್ಲಿ 42 ಬೈಟು. 'ಸೂಪರ್' ಅಲ್ಲ, ಫೋನ್ ನಂಬರಿಗೂ ಹೊಂದದ ತೂಕ. ತೆರೆದೆ. ಪುಟದ ತುದಿಯಲ್ಲಿ, ಜನಸಂಖ್ಯೆ, ರೈಲು ನಿಲ್ದಾಣ ಎಲ್ಲ ಮುಗಿದ ಮೇಲೆ, ಹೊಸ ಸಾಲಿನಲ್ಲಿ ಮೂರು ಪದ ಇದ್ದವು:

ಇವತ್ತು ಮಳೆ ಬಂತು

ವಿಶ್ವಕೋಶಕ್ಕೆ ಸಲ್ಲದ ಮಾತು. ಆಧಾರವಿಲ್ಲ, ಚಿಹ್ನೆಯಿಲ್ಲ, ನಾಳೆಗೆ ಹಳಸುವ ಸುದ್ದಿ. ಬೆರಳು ಗುಂಡಿಯ ಮೇಲೆ ಹೋಗಿತ್ತು. ಎದ್ದು ಚಿಲಕ ತೆಗೆದು ಅಂಗಳಕ್ಕೆ ಬಂದೆ. ನಮ್ಮಲ್ಲಿ ಒಂದು ಹನಿಯ ಸುಳಿವೂ ಇಲ್ಲ, ಎಲೆ ಅಲ್ಲಾಡುತ್ತಿರಲಿಲ್ಲ. ಬೀರೂರಿನಾಚೆ, ಉತ್ತರದ ಅಂಚಿನಲ್ಲಿ, ಸದ್ದಿಲ್ಲದೆ ಒಂದು ಮಿಂಚು ಹೊಡೆಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು.

"ಏನಾಯ್ತು? ಯಾರು ಕೆಡಿಸಿದ್ರು?" ಎಂದು ಒಳಗಿನಿಂದ ಕೇಳಿದಳು.

"ಯಾರೂ ಇಲ್ಲ" ಎಂದೆ. ಬೆಳಿಗ್ಗೆ ಕಾಫಿ ಕುಡಿದ ಮೇಲೆ ತೆಗೆದರಾಯಿತು ಎಂದು ಫೋನನ್ನು ದಿಂಬಿನ ಕೆಳಗಿಟ್ಟೆ. ಗ್ಯಾಸು ಮತ್ತೊಮ್ಮೆ ನೋಡಿದೆ. ಕಿಟಕಿಯೊಂದನ್ನು ತೆರೆದೇ ಬಿಟ್ಟೆ.